ಸರ್ ಥಾಮಸ್ ಮನ್ರೋ

ಸರ್ ಥಾಮಸ್ ಮನ್ರೋ (ಮೇ 27, 1761 – ಜುಲೈ 6, 1827) ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ, ಆಡಳಿತಗಾರ ಹಾಗೂ ಮದರಾಸು ಪ್ರಾಂತ್ಯದ ಗವರ್ನರ್. ರೈತವಾರಿ ಕಂದಾಯ ಪದ್ಧತಿಯ ಪ್ರಮುಖ ಪ್ರತಿಪಾದಕನೆಂದು ಇತಿಹಾಸದಲ್ಲಿ ಪ್ರಸಿದ್ಧನಾಗಿದ್ದಾನೆ. 1799–1800ರಲ್ಲಿ ಇವನು ಕೆನರಾ ಪ್ರಾಂತ್ಯದ ಮೊದಲ ಕಲೆಕ್ಟರ್ ಆಗಿದ್ದನು. ಇಂದಿನ ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳು ಆಗ ಆ ಪ್ರಾಂತ್ಯಕ್ಕೆ ಸೇರಿದ್ದವು. ಇಲ್ಲಿಯ ತೀರ್ವೆಯ ಲೆಕ್ಕಗಳನ್ನು ಪರಿಶೀಲಿಸಿ ಮನ್ರೋ ಬರೆದ ವರದಿಗಳು ಮುಂದೆ ಮುಕ್ಕಾಲು ಶತಮಾನದ ಬಳಿಕ ಸರಕಾರದ ವಿರುದ್ಧವೇ ಹೂಡಿದ ಕಂದಾಯ ವ್ಯಾಜ್ಯದಲ್ಲಿ ಮುಖ್ಯ ಸಾಕ್ಷ್ಯವಾದವು.

ಆರಂಭಿಕ ಜೀವನ

ಮನ್ರೋ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ವರ್ತಕರ ಮನೆತನದಲ್ಲಿ ಜನಿಸಿದನು. ಅಮೆರಿಕದ ಸ್ವಾತಂತ್ರ್ಯ ಸಮರದಿಂದಾಗಿ ತಂದೆಯ ವ್ಯಾಪಾರ ಮುಳುಗಿತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿದ್ದ ಮಗ 1780ರಲ್ಲಿ ಕಂಪನಿಯ ಸೈನ್ಯಕ್ಕೆ ಸೇರಿ ಮದರಾಸಿಗೆ ಬಂದನು. ಹೈದರಾಲಿಯ ವಿರುದ್ಧದ ಯುದ್ಧದಲ್ಲಿ ಪಾಲ್ಗೊಂಡನು. 1792ರಿಂದ ಬಾರಾಮಹಲ್ ಪ್ರದೇಶದಲ್ಲಿ ಅಲೆಕ್ಸಾಂಡರ್ ರೀಡ್‌ನ ಸಹಾಯಕನಾಗಿದ್ದು, ಮಧ್ಯವರ್ತಿಗಳಿಲ್ಲದೆ ಪ್ರತಿಯೊಬ್ಬ ರೈತನೊಡನೆ ನೇರವಾಗಿ ಕಂದಾಯ ನಿಷ್ಕರ್ಷೆ ಮಾಡುವ ಕ್ರಮವನ್ನು ಅಲ್ಲಿ ಕಲಿತನು.

ಕೆನರಾದ ಕಲೆಕ್ಟರ್

1799ರಲ್ಲಿ ಶ್ರೀರಂಗಪಟ್ಟಣ ಪತನವಾಗಿ ಕೆನರಾ ಕಂಪನಿಯ ಕೈಸೇರಿದಾಗ ಮನ್ರೋ ಅಲ್ಲಿಗೆ ನೇಮಕಗೊಂಡನು. ರೈತರು ಹೊಸ ಅಧಿಕಾರಿಯನ್ನು ಸುಲಭವಾಗಿ ಒಪ್ಪಲಿಲ್ಲ. ಅವರು ಗುಂಪುಗೂಡಿ ಕಂದಾಯದ ಒಪ್ಪಂದಕ್ಕೆ ಬರಲು ನಿರಾಕರಿಸಿದರು. ವಿಟ್ಲದ ಅರಸನ ಬಂಡಾಯವೂ ಇದೇ ಕಾಲದಲ್ಲಿ ನಡೆಯಿತು.

ಮನ್ರೋ ಊರೂರು ಸುತ್ತಿ ಶಾನುಭೋಗರ ಬಳಿಯಿದ್ದ ಕಡತಗಳನ್ನು ತರಿಸಿ ಹಳೆಯ ಲೆಕ್ಕಗಳನ್ನು ತಾಳೆ ನೋಡಿದನು. ಅವನ ವರದಿಯ ಪ್ರಕಾರ ವಿಜಯನಗರದ ಹರಿಹರನ ಕಾಲದ ನಿಷ್ಕರ್ಷೆಯಲ್ಲಿ 30 ಪಾಲು ಬೆಳೆಗೆ 15 ಪಾಲು ಸಾಗುವಳಿದಾರನಿಗೆ, 7½ ಪಾಲು ಭೂಮಿಯ ಒಡೆಯನಿಗೆ ಸೇರುತ್ತಿತ್ತು. ಉಳಿದ 7½ ಪಾಲಿನಲ್ಲಿ 5 ಸರಕಾರಕ್ಕೆ, 1½ ಬ್ರಾಹ್ಮಣರಿಗೆ, 1 ದೇವಸ್ಥಾನಗಳಿಗೆ ಸಲ್ಲುತ್ತಿತ್ತು. ವಿಜಯನಗರದ ಕಾಲದಲ್ಲಿ ಇಂದಿನ ಬ್ರಹ್ಮಾವರ ತಾಲೂಕಿನ ಬಾರಕೂರು ಈ ಸೀಮೆಯ ಆಡಳಿತ ಕೇಂದ್ರವಾಗಿತ್ತು.

ಈ ಹಳೆಯ ರೇಖೆಯ ಮೇಲೆ ಇಕ್ಕೇರಿ ಅರಸರು ಕಂದಾಯ ಹೆಚ್ಚಿಸಿದ್ದರು. ಹೀಗೆ ಹೆಚ್ಚಿದ ಮೊತ್ತಕ್ಕೆ ಶಿಸ್ತು ಎಂದು ಹೆಸರಾಯಿತು. ಆಮೇಲೆ ಹೈದರ್ ಮತ್ತು ಟಿಪ್ಪು ಸೇರಿಸಿದ ಮೊತ್ತವನ್ನು ಶಾಮಿಲು ಎಂದು ಕರೆಯಲಾಯಿತು. ಲೆಕ್ಕದಲ್ಲಿ ಬರೆದ ಮೊತ್ತವೆಲ್ಲ ನ್ಯಾಯವಾದ ಕಂದಾಯವಲ್ಲವೆಂಬುದನ್ನು ಈ ಪರಿಶೀಲನೆ ತೋರಿಸಿತು. ಕಂದಾಯ ಇಳಿಸುವುದು ಅಗತ್ಯವೆಂದು ಮನ್ರೋ ಮೇಲಧಿಕಾರಿಗಳಿಗೆ ಬರೆದನು. ಇಲ್ಲಿಯ ವರ್ಗ ಭೂಮಿಗಳು ಹಿಡುವಳಿದಾರರ ಖಾಸಗಿ ಸ್ವತ್ತು, ಅವುಗಳನ್ನು ಮಾರುವ, ಅಡವಿಡುವ ಹಕ್ಕು ಅವರಿಗೆ ಹಿಂದಿನಿಂದಲೂ ಇತ್ತು ಎಂಬ ಅಭಿಪ್ರಾಯವನ್ನೂ ದಾಖಲಿಸಿದನು.

ಬಿಟ್ಟುಕೊಟ್ಟ ಜಿಲ್ಲೆಗಳು

1800ರಲ್ಲಿ ಮನ್ರೋಗೆ ಬಳ್ಳಾರಿ, ಕಡಪ ಮೊದಲಾದ ಬಿಟ್ಟುಕೊಟ್ಟ ಜಿಲ್ಲೆಗಳ ಆಡಳಿತ ವಹಿಸಲಾಯಿತು. ಅಲ್ಲಿ ಹೊಲಗಳನ್ನು ಅಳತೆ ಮಾಡಿಸಿದ ಬಳಿಕ, ಕಂದಾಯವನ್ನು ಶೇಕಡಾ 25ರಷ್ಟು ತಗ್ಗಿಸಬೇಕೆಂದು 1807ರಲ್ಲಿ ಶಿಫಾರಸು ಮಾಡಿದನು. ಆಗ ಅದು ಅಂಗೀಕಾರವಾಗಲಿಲ್ಲ. 1820ರಲ್ಲಿ ಅವನೇ ಗವರ್ನರ್ ಆದ ಮೇಲೆ ಜಾರಿಗೆ ಬಂದಿತು. ಮಂತ್ರಾಲಯದ ಮಠದ ಇನಾಮು ಭೂಮಿಯ ವಿಚಾರಣೆಗೆ ಹೋದಾಗ ಅವನಿಗೆ ಶ್ರೀ ರಾಘವೇಂದ್ರ ಸ್ವಾಮಿಗಳ ದರ್ಶನವಾಯಿತೆಂಬ ಐತಿಹ್ಯ ಇಂದಿಗೂ ಜನಪ್ರಿಯವಾಗಿದೆ.

ನ್ಯಾಯಾಡಳಿತದ ಸುಧಾರಣೆ

1802ರಲ್ಲಿ ಮದರಾಸು ಪ್ರಾಂತ್ಯದಲ್ಲಿ ಬಂಗಾಳದ ಮಾದರಿಯ ಜಿಲ್ಲಾ ನ್ಯಾಯಾಲಯಗಳು ಸ್ಥಾಪನೆಗೊಂಡಿದ್ದವು. ದೂರದ ಪ್ರಯಾಣ, ವಿಳಂಬ, ಶುಲ್ಕ ಮತ್ತು ವಕೀಲರ ಖರ್ಚುಗಳಿಂದಾಗಿ ಅವು ಬಡ ರೈತನ ಕೈಗೆಟುಕವೆಂದು ಮನ್ರೋ ವಾದಿಸಿದನು. 1814ರಲ್ಲಿ ನ್ಯಾಯಾಂಗ ಸುಧಾರಣಾ ಆಯೋಗದ ಮುಖ್ಯಸ್ಥನಾಗಿ ಭಾರತಕ್ಕೆ ಮರಳಿದನು. 1816ರ ನಿಬಂಧನೆಗಳಿಂದ ಗ್ರಾಮ ಮುನ್ಸೀಫರಿಗೂ ಪಂಚಾಯತಿಗಳಿಗೂ ಅಧಿಕಾರ ದೊರೆಯಿತು. ಮ್ಯಾಜಿಸ್ಟ್ರೇಟ್ ಅಧಿಕಾರ ಕಲೆಕ್ಟರರಿಗೆ ವರ್ಗವಾಯಿತು. ಕಂದಾಯ ನೌಕರರ ಅಕ್ರಮ ವಸೂಲಿಯನ್ನು ಕಲೆಕ್ಟರರೇ ವಿಚಾರಿಸುವ ವ್ಯವಸ್ಥೆ 1822ರಲ್ಲಿ ಬಂದಿತು.

ಇದರಿಂದ ದೂರು ಸಲ್ಲಿಸುವುದು ಸುಲಭವಾಯಿತು. ಆದರೆ ಕಂದಾಯ ವಿಧಿಸುವವನೇ ಅದರ ವಿರುದ್ಧದ ಅಹವಾಲನ್ನೂ ಕೇಳುವಂತಾಯಿತು. ಕಂದಾಯ ವಸೂಲಿಗಾಗಿ ಕೆಳಹಂತದ ನೌಕರರು ರೈತರಿಗೆ ಚಿತ್ರಹಿಂಸೆ ನೀಡುತ್ತಿದ್ದುದನ್ನು 1855ರ ಮದರಾಸು ತನಿಖಾ ಆಯೋಗದ ವರದಿ ಬಹಿರಂಗಪಡಿಸಿತು.

ನಿಧನ

1825ರಲ್ಲಿ ಮನ್ರೋಗೆ ಬ್ಯಾರೊನೆಟ್ ಪದವಿ ದೊರೆಯಿತು. ಸ್ವದೇಶಕ್ಕೆ ಮರಳುವ ಮುನ್ನ ಬಿಟ್ಟುಕೊಟ್ಟ ಜಿಲ್ಲೆಗಳ ಪ್ರವಾಸ ಕೈಗೊಂಡಿದ್ದಾಗ ಪತ್ತಿಕೊಂಡದಲ್ಲಿ ಕಾಲರಾ ರೋಗದಿಂದ ಮರಣ ಹೊಂದಿದನು. ಚೆನ್ನೈಯಲ್ಲಿ ಅವನ ಅಶ್ವಾರೂಢ ಪ್ರತಿಮೆಯಿದೆ.

ನಂತರದ ಪ್ರಭಾವ

1830–31ರಲ್ಲಿ ಕೆನರಾದ ರೈತರು ಕೂಟಗಳನ್ನು ಸೇರಿಸಿ, ಅರ್ಜಿಗಳ ಮೂಲಕ ವಿನಾಯಿತಿ ಕೋರಿ, ತೀರ್ವೆ ಕೊಡಲು ನಿರಾಕರಿಸಿದರು. 1862ರಲ್ಲಿ ಉತ್ತರ ಕೆನರಾ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ಇಂದಿನ ಬೈಂದೂರನ್ನು ಒಳಗೊಂಡ ಅಂದಿನ ಕುಂದಾಪುರ ತಾಲೂಕು ಮಾತ್ರ ಮದರಾಸು ಪ್ರಾಂತ್ಯದಲ್ಲೇ ಉಳಿಯಿತು.

ಗಡಿಯ ಆಚೆ ಬೊಂಬಾಯಿ ಸರಕಾರ ತೀರ್ವೆಯನ್ನು ಪರಿಷ್ಕರಿಸಿದಾಗ ಭೂಮಾಲೀಕರು ನ್ಯಾಯಾಲಯದ ಮೊರೆಹೊಕ್ಕರು. ವೈಕುಂಠ ಬಾಪೂಜಿ ಮೊಕದ್ದಮೆಯೆಂದು ಪ್ರಸಿದ್ಧವಾದ ಈ ವ್ಯಾಜ್ಯದಲ್ಲಿ ಮನ್ರೋನ ವರದಿಗಳ ದೀರ್ಘ ಪರಿಶೀಲನೆ ನಡೆಯಿತು. 1875ರಲ್ಲಿ ಬೊಂಬಾಯಿ ಹೈಕೋರ್ಟು ವರ್ಗದಾರರ ಭೂಸ್ವಾಮ್ಯವನ್ನು ಒಪ್ಪಿದರೂ, ತೀರ್ವೆ ಶಾಶ್ವತವಾಗಿ ನಿಗದಿಯಾಗಿತ್ತೆಂಬ ವಾದವನ್ನು ತಳ್ಳಿಹಾಕಿತು. ಭೂಕಂದಾಯದ ಮೊತ್ತವನ್ನು ಸಿವಿಲ್ ನ್ಯಾಯಾಲಯಗಳಲ್ಲಿ ಪ್ರಶ್ನಿಸುವುದನ್ನು 1876ರ ಬೊಂಬಾಯಿ ಕಂದಾಯ ಅಧಿಕಾರವ್ಯಾಪ್ತಿ ಕಾಯ್ದೆ ನಿರ್ಬಂಧಿಸಿತು. ತೀರ್ವೆಯ ಕುರಿತಾದ ಅಹವಾಲು ಅಲ್ಲಿ ಮತ್ತೆ ಕಂದಾಯ ಅಧಿಕಾರಿಗಳ ಮುಂದೆಯೇ ಹೋಗಬೇಕಾಯಿತು.