ಸಖರೋವ್: ಪ್ರಭುತ್ವಕ್ಕೆ ಬೇಡವಾದ ಲೆಕ್ಕ

ಸೋವಿಯತ್ ಜಲಜನಕ ಬಾಂಬಿನ ಪ್ರಮುಖ ಶಿಲ್ಪಿಯೆಂದೂ ಮಾನವ ಹಕ್ಕುಗಳ ಹೋರಾಟಗಾರರೆಂದೂ ಆಂದ್ರೇ ಸಖರೋವ್ ಅವರನ್ನು ಲೋಕ ನೆನೆಯುತ್ತದೆ. ಬಾಂಬು ಮಾಡಿದವನು ಪಶ್ಚಾತ್ತಾಪದಿಂದ ಶಾಂತಿದೂತನಾದನೆಂಬ ಕಥೆ ಜನಪ್ರಿಯ. ವಾಸ್ತವ ಅಷ್ಟು ಸರಳವಲ್ಲ.

1921ರಲ್ಲಿ ಮಾಸ್ಕೋದ ಭೌತಶಾಸ್ತ್ರ ಅಧ್ಯಾಪಕರೊಬ್ಬರ ಮಗನಾಗಿ ಜನಿಸಿದ ಸಖರೋವ್, ಯುದ್ಧಕಾಲದಲ್ಲಿ ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದರು. 1948ರಲ್ಲಿ ಗುರು ಇಗೋರ್ ತಾಮ್ ಅವರ ತಂಡದೊಂದಿಗೆ ಬಾಂಬ್ ಸಂಶೋಧನೆಗೆ ಸೇರಿದರು. ಎರಡು ಬಣಗಳ ಸಮಬಲವೇ ಯುದ್ಧವನ್ನು ತಡೆದೀತು ಎಂಬುದು ಅವರ ದೃಢ ನಂಬಿಕೆಯಾಗಿತ್ತು. 1953ರ ಆಗಸ್ಟ್‌ನಲ್ಲಿ ಅವರ ಕಲ್ಪನೆಯ ಬಾಂಬ್ ಯಶಸ್ವಿಯಾಯಿತು. 32ರ ಹರೆಯದಲ್ಲೇ ವಿಜ್ಞಾನ ಅಕಾಡೆಮಿಯ ಪೂರ್ಣ ಸದಸ್ಯತ್ವ ದೊರೆಯಿತು.

1955ರ ನವೆಂಬರ್‌ನ ಪರೀಕ್ಷೆಯಲ್ಲಿ ಒಬ್ಬ ಸೈನಿಕ ಮತ್ತು ಒಂದು ಹೆಣ್ಣುಮಗು ಬಲಿಯಾದರು. ಬಳಿಕ ನಡೆದ ಔತಣಕೂಟದಲ್ಲಿ, ಇಂಥ ಅಸ್ತ್ರಗಳು ಎಂದೂ ನಗರಗಳ ಮೇಲೆ ಸಿಡಿಯದಿರಲೆಂದು ಸಖರೋವ್ ಹಾರೈಸಿದರು. ತಯಾರಿಸುವುದಷ್ಟೇ ವಿಜ್ಞಾನಿಯ ಕೆಲಸ, ಪ್ರಯೋಗದ ನಿರ್ಧಾರ ಅಧಿಕಾರಸ್ಥರದು ಎಂಬರ್ಥದ ಒರಟು ಹಾಸ್ಯದಿಂದ ಮಾರ್ಷಲ್ ನೆಡೆಲಿನ್ ಅವರ ಬಾಯಿ ಮುಚ್ಚಿಸಿದರು.

ಸಖರೋವ್ ಮತ್ತೆ ಲೆಕ್ಕಕ್ಕೆ ಕುಳಿತರು. ವಾಯುಮಂಡಲದಲ್ಲಿ ನಡೆಸುವ ಸ್ಫೋಟದ ಪ್ರತಿ ಮೆಗಾಟನ್‌ಗೂ, ಮುಂಬರುವ ಸಾವಿರಾರು ವರ್ಷಗಳಲ್ಲಿ ಸುಮಾರು 10,000 ಮಂದಿ ವಿಕಿರಣಕ್ಕೆ ತುತ್ತಾಗುವರೆಂದು ಅಂದಾಜಿಸಿದರು. 1961ರಲ್ಲಿ ಪರೀಕ್ಷೆಗಳ ಪುನರಾರಂಭವನ್ನು ವಿರೋಧಿಸಿದಾಗ ಕ್ರುಶ್ಚೇವ್ ಎಲ್ಲರೆದುರೇ ಅವರನ್ನು ಗದರಿಸಿದರು. ಆದರೂ ಸಖರೋವ್ ಕೆಲಸ ಬಿಡಲಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ಸಿಡಿದ ಸುಮಾರು 50 ಮೆಗಾಟನ್ ಬಾಂಬಿನಲ್ಲೂ ಅವರ ಪಾಲಿತ್ತು. ಒಳಗಿದ್ದೇ ತಿದ್ದಬಹುದೆಂಬ ಅವರ ಆಶೆಗೆ 1963ರ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದ ಒಂದಿಷ್ಟು ಸಮಾಧಾನ ತಂದಿತು.

1968ರಲ್ಲಿ ಶಾಂತಿ ಹಾಗೂ ಬೌದ್ಧಿಕ ಸ್ವಾತಂತ್ರ್ಯ ಕುರಿತ ಅವರ ಪ್ರಬಂಧ ವಿದೇಶದಲ್ಲಿ ಪ್ರಕಟವಾದುದೇ ತಡ, ರಹಸ್ಯ ಸಂಶೋಧನೆಯ ಬಾಗಿಲು ಮುಚ್ಚಿತು. 1975ರ ನೊಬೆಲ್ ಶಾಂತಿ ಪುರಸ್ಕಾರವನ್ನು ಪತ್ನಿ ಯೆಲೆನಾ ಬಾನ್ನರ್ ಸ್ವೀಕರಿಸಬೇಕಾಯಿತು. ಅಫ್ಘಾನಿಸ್ತಾನದ ಮೇಲಿನ ಆಕ್ರಮಣವನ್ನು ಖಂಡಿಸಿದ್ದಕ್ಕೆ 1980ರಲ್ಲಿ ಪದಕಗಳನ್ನು ಕಸಿದು ಗೋರ್ಕಿ ನಗರಕ್ಕೆ ಗಡೀಪಾರು ಮಾಡಲಾಯಿತು. 1986ರಲ್ಲಿ ಗೋರ್ಬಚೇವ್ ಮರಳಿ ಕರೆಸಿದರು. 1989ರಲ್ಲಿ ಜನಪ್ರತಿನಿಧಿಯಾಗಿ ಆಯ್ಕೆಯಾದ ಅವರು ಅದೇ ಡಿಸೆಂಬರ್‌ನಲ್ಲಿ ನಿಧನರಾದರು.

ಬಾಂಬ್ ಮಾಡಿದ್ದು ತಪ್ಪೆಂದು ಸಖರೋವ್ ಸಾರಲಿಲ್ಲ. ಅದರ ಬೆಲೆಯನ್ನು ಮುಚ್ಚಿಡಲು ಒಪ್ಪಲಿಲ್ಲ, ಅಷ್ಟೆ. ಸ್ಫೋಟದ ಬಲವನ್ನು ಎಣಿಸಿದಾಗ ಪದಕ ತೊಡಿಸಿದ ಪ್ರಭುತ್ವ, ಸಾವುಗಳನ್ನು ಎಣಿಸಿದಾಗ ಮುಖ ತಿರುಗಿಸಿತು. ಅವರ ಹೆಸರಿನ ಮಾಸ್ಕೋದ ಕೇಂದ್ರವನ್ನು 2023ರಲ್ಲಿ ನ್ಯಾಯಾಲಯ ವಿಸರ್ಜಿಸಿತು. ತಜ್ಞರಿಂದ ಅನುಕೂಲಕರ ಅಂಕಿ-ಅಂಶಗಳನ್ನಷ್ಟೇ ಬಯಸುವ ಚಾಳಿ ಒಂದು ದೇಶಕ್ಕೆ ಸೀಮಿತವಲ್ಲ. ಕಡತದಲ್ಲಿ ಕಹಿ ಟಿಪ್ಪಣಿ ಬರೆಯುವವರನ್ನು ಉಳಿಸಿಕೊಳ್ಳಲಾಗದ ಆಡಳಿತ, ತನ್ನ ನಿರ್ಧಾರದ ನಿಜವಾದ ವೆಚ್ಚವನ್ನು ಎಂದಿಗೂ ಅರಿಯದು.