ಡಾಕ್ಟರ್ ದ್ವಾರಕಾನಾಥ ಕೋಟ್ನೀಸ್

ಕರ್ನಾಟಕದ ಉತ್ತರದ ಎಲ್ಲೆಗೆ ಸಮೀಪದಲ್ಲಿರುವ ಸೊಲ್ಲಾಪುರ ಕನ್ನಡಿಗರಿಗೆ ಅಪರಿಚಿತವಾದ ಊರಲ್ಲ. ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮನು ಲೋಕಹಿತಕ್ಕಾಗಿ ಕೆರೆಯನ್ನು ಕಟ್ಟಿಸಿದ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಕನ್ನಡ, ಮರಾಠಿ, ತೆಲುಗು ನುಡಿಗಳು ಒಂದೇ ಬೀದಿಯಲ್ಲಿ ಕೇಳಿಬರುವ ಈ ಗಿರಣಿಗಳ ನಗರದಲ್ಲಿ 1910ನೆಯ ಅಕ್ಟೋಬರ್ 10ರಂದು ಸಾಮಾನ್ಯ ಮಧ್ಯಮವರ್ಗದ ಮರಾಠಿ ಕುಟುಂಬವೊಂದರಲ್ಲಿ ದ್ವಾರಕಾನಾಥ ಕೋಟ್ನೀಸರು ಜನಿಸಿದರು. ತಂದೆಯ ಹೆಸರು ಶಾಂತಾರಾಮ. ಎಂಟು ಮಂದಿ ಮಕ್ಕಳಿದ್ದ ತುಂಬು ಸಂಸಾರ. ಮಗನು ಮುಂಬಯಿಯ ಸೇಠ್ ಜಿ. ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿ ವೈದ್ಯನಾದಾಗ ಮನೆಯವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ದ್ವಾರಕಾನಾಥರು ಹೆಚ್ಚಿನ ವ್ಯಾಸಂಗಕ್ಕೆ ಸಿದ್ಧತೆ ನಡೆಸುತ್ತಿದ್ದ ಕಾಲದಲ್ಲಿ ಚೀನಾ ದೇಶವು ಯುದ್ಧದ ಬೆಂಕಿಯಲ್ಲಿ ಬೇಯುತ್ತಿತ್ತು. 1937ನೆಯ ಜುಲೈ ತಿಂಗಳಲ್ಲಿ ಜಪಾನಿನ ಸೇನೆ ಅದರ ಮೇಲೆ ಪೂರ್ಣ ಪ್ರಮಾಣದ ದಾಳಿಯನ್ನು ಆರಂಭಿಸಿತ್ತು. ಗಾಯಗೊಂಡವರ ಸಂಖ್ಯೆಗೆ ತಕ್ಕಷ್ಟು ವೈದ್ಯರು ಅಲ್ಲಿರಲಿಲ್ಲ. ಚೀನಾದ ಸೇನಾನಿ ಜೂ ದೆ ಅವರು ವೈದ್ಯರನ್ನು ಕಳುಹಿಸಿಕೊಡುವಂತೆ ಜವಾಹರಲಾಲ ನೆಹರೂ ಅವರನ್ನು ಕೋರಿದರು. 1938ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶದ ಜನತೆಗೆ ಕರೆಯಿತ್ತರು. ಜನರಿಂದ ಹಣ ಸಂಗ್ರಹವಾಯಿತು. ತಾನೇ ಪರರ ಆಳ್ವಿಕೆಯಲ್ಲಿದ್ದ ನಾಡು ಮತ್ತೊಂದು ನಾಡಿನ ಸಂಕಟಕ್ಕೆ ಕೈನೀಡಲು ಮುಂದಾದದ್ದು ಸಾಮಾನ್ಯ ಸಂಗತಿಯಲ್ಲ.

ಕೋಟ್ನೀಸರು ತಾವೂ ಹೋಗುವುದಾಗಿ ಮನೆಯವರಿಗೆ ತಿಳಿಸಿದರು. ಬೀದಿ ಬೀದಿ ಅಲೆದು ರೇಷ್ಮೆ ಬಟ್ಟೆ ಮಾರುತ್ತಿದ್ದ ಚೀನೀಯರನ್ನು ಕಂಡಿದ್ದುದನ್ನು ಬಿಟ್ಟರೆ ಆ ಮನೆಯವರಿಗೆ ಚೀನಾದ ವಿಷಯವಾಗಿ ಹೆಚ್ಚೇನೂ ತಿಳಿದಿರಲಿಲ್ಲ. ತಂದೆ ಮಗನ ಸಂಕಲ್ಪವನ್ನು ಮೆಚ್ಚಿದರು. ತಾಯಿಯ ಮನಸ್ಸು ಮಾತ್ರ ಕಳವಳಗೊಂಡಿತು. ದುಡಿದು ಸಂಸಾರಕ್ಕೆ ಆಸರೆಯಾಗಬೇಕಾದ ವಯಸ್ಸಿನಲ್ಲಿ ಮಗನು ಯುದ್ಧಭೂಮಿಗೆ ಹೊರಟು ನಿಂತಾಗ ಯಾವ ತಾಯಿಗೆ ತಾನೇ ನಿಶ್ಚಿಂತೆ?

1938ನೆಯ ಸೆಪ್ಟೆಂಬರ್ 1ರಂದು ಐವರು ವೈದ್ಯರ ತಂಡವು ಮುಂಬಯಿ ಬಂದರಿನಿಂದ ರಜಪೂತಾನಾ ಎಂಬ ಹಡಗಿನಲ್ಲಿ ಪ್ರಯಾಣ ಹೊರಟಿತು. ತಂಡದ ನಾಯಕರು ಅಲಹಾಬಾದಿನ ಡಾ. ಅಟಲ್. ಅವರು ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿದ ಅನುಭವಿ. ನಾಗಪುರದ ಡಾ. ಚೋಳ್ಕರ್, ಕಲ್ಕತ್ತೆಯ ಡಾ. ಬಸು ಮತ್ತು ಡಾ. ಮುಖರ್ಜಿ ಅವರ ಜೊತೆಗಾರರು. ಕೋಟ್ನೀಸರಿಗೆ ಆಗ ಇನ್ನೂ 28 ತುಂಬಿರಲಿಲ್ಲ.

ಕ್ಯಾಂಟನ್ ನಗರವನ್ನು ಸೇರಿದ ತಂಡವು ಮುಂದೆ ಹಾಂಕೌ, ಚುಂಗ್‌ಕಿಂಗ್ ಮೊದಲಾದ ಸ್ಥಳಗಳಲ್ಲಿ ಕೆಲಸ ಮಾಡಿತು. ಇದೇ ಅವಧಿಯಲ್ಲಿ ತಂದೆ ತೀರಿಕೊಂಡ ಸುದ್ದಿ ಕೋಟ್ನೀಸರನ್ನು ಮುಟ್ಟಿತು. ಊರಿಗೆ ಹಿಂದಿರುಗಿದ್ದರೆ ಅವರನ್ನು ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ಹಿಂದಿರುಗಲಿಲ್ಲ, ದುಃಖವನ್ನು ನುಂಗಿಕೊಂಡು ಸಂಗಡಿಗರೊಡನೆ ಉತ್ತರ ದಿಕ್ಕಿಗೆ ಪ್ರಯಾಣ ಬೆಳೆಸಿದರು. 1939ನೆಯ ಫೆಬ್ರವರಿಯಲ್ಲಿ ತಂಡವು ಯೆನಾನನ್ನು ತಲುಪಿತು. ಮಾವೋ ತ್ಸೆ ತುಂಗರು ಅವರನ್ನು ಬರಮಾಡಿಕೊಂಡರು. ಚೀನೀಯರು ಪ್ರೀತಿಯಿಂದ ಐವರ ಹೆಸರಿನ ಕೊನೆಗೂ ಚೀನಾ ಎಂಬ ಅರ್ಥವುಳ್ಳ 'ಹುವಾ' ಪದವನ್ನು ಸೇರಿಸಿದ್ದರು. ಹೀಗೆ ಕೋಟ್ನೀಸರು ಅಲ್ಲಿನ ಜನರ ಬಾಯಲ್ಲಿ ಕೆ ದಿಹುವಾ ಆದರು.

ಮುಂದೆ ಅವರು ಉತ್ತರ ಚೀನಾದ ಗುಡ್ಡಗಾಡಿನಲ್ಲಿ ಎಂಟನೆಯ ಮಾರ್ಗದ ಸೇನೆಯೊಡನೆ ಸಂಚರಿಸುತ್ತ ಚಿಕಿತ್ಸೆ ನೀಡಿದರು. ಅದು ಶತ್ರುಗಳು ಸುತ್ತುವರಿದಿದ್ದ ಪ್ರದೇಶ. ಔಷಧಗಳು ಸದಾ ಸಾಲದು. ಗಾಯಾಳುಗಳನ್ನು ಹಳ್ಳಿಗರು ಡೋಲಿಗಳಲ್ಲಿ ಹೊತ್ತು ತರುತ್ತಿದ್ದರು. ಶತ್ರುಸೇನೆ ಸಮೀಪಿಸಿತೆಂದರೆ ಆಸ್ಪತ್ರೆಯನ್ನೇ ಬೇರೆಡೆಗೆ ಸಾಗಿಸಬೇಕಾಗುತ್ತಿತ್ತು. 1940ರ ಒಂದು ದೀರ್ಘ ಕದನದ ಸಂದರ್ಭದಲ್ಲಿ ಕೋಟ್ನೀಸರು ನಿದ್ರೆಯಿಲ್ಲದೆ 72 ಗಂಟೆಗಳ ಕಾಲ ಒಂದೇ ಸಮನೆ ಶಸ್ತ್ರಚಿಕಿತ್ಸೆ ನಡೆಸಿದರು. ಆ ಕದನದಲ್ಲಿ ಅವರ ಚಿಕಿತ್ಸೆ ಪಡೆದ ಸೈನಿಕರು 800ಕ್ಕೂ ಹೆಚ್ಚು.

ಇದೇ ಬೆಟ್ಟಗಳ ನಡುವೆ ಅವರಿಗಿಂತ ಮುಂಚೆ ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನರು ದುಡಿದಿದ್ದರು. ಚಿಕಿತ್ಸೆಯ ಸಮಯದಲ್ಲಿ ಬೆರಳಿಗಾದ ಗಾಯ ನಂಜೇರಿ 1939ರ ನವೆಂಬರಿನಲ್ಲಿ ಅವರು ಅಸುನೀಗಿದರು. ಅವರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರ ಜನವರಿಯಲ್ಲಿ ಕೋಟ್ನೀಸರು ನಿರ್ದೇಶಕರಾದರು. ರೋಗಿಯ ನೋವನ್ನು ರೋಗಿಯ ಮಾತಿನಲ್ಲಿಯೇ ಅರಿಯದೆ ವೈದ್ಯವೃತ್ತಿ ಸಾಗದು. ಆದುದರಿಂದ ಅವರು ಚೀನೀ ಭಾಷೆಯನ್ನು ಶ್ರಮಪಟ್ಟು ಕಲಿತಿದ್ದರು. ಅದೇ ಭಾಷೆಯಲ್ಲಿ ಅಲ್ಲಿನ ತರುಣರಿಗೆ ಶಸ್ತ್ರವೈದ್ಯವನ್ನು ಬೋಧಿಸಿದರು, ಪಠ್ಯವನ್ನೂ ಸಿದ್ಧಪಡಿಸತೊಡಗಿದರು. ಸಂಗಡಿಗರು ಅಷ್ಟರಲ್ಲಿ ಒಬ್ಬೊಬ್ಬರಾಗಿ ಅಲ್ಲಿಂದ ತೆರಳಿದ್ದರು. 1943ರಲ್ಲಿ ಡಾ. ಬಸು ಭಾರತಕ್ಕೆ ಮರಳುವ ವೇಳೆಗೆ ಐವರಲ್ಲಿ ನಾಲ್ವರು ತಾಯ್ನಾಡನ್ನು ಸೇರಿದಂತಾಯಿತು.

1941ರ ಕೊನೆಯಲ್ಲಿ ಕೋಟ್ನೀಸರು ದಾದಿಯರ ಶಿಕ್ಷಕಿಯಾಗಿದ್ದ ಗುವೋ ಚಿಂಗ್‌ಲಾನ್ ಅವರನ್ನು ವಿವಾಹವಾದರು. 1942ರ ಆಗಸ್ಟಿನಲ್ಲಿ ಗಂಡು ಮಗು ಜನಿಸಿತು. ಭಾರತ ಹಾಗೂ ಚೀನಾ ಎರಡನ್ನೂ ಸೂಚಿಸುವಂತೆ ಮಗುವಿಗೆ ಯಿನ್‌ಹುವಾ ಎಂದು ಹೆಸರಿಟ್ಟರು. ಆ ಸಂತೋಷ ಹೆಚ್ಚು ಕಾಲ ಉಳಿಯಲಿಲ್ಲ. ಎಡೆಬಿಡದ ದುಡಿಮೆ ಮತ್ತು ಕಠಿಣ ಜೀವನದಿಂದ ಅವರ ದೇಹ ಬಳಲಿತ್ತು. ಅಪಸ್ಮಾರದ ಬಾಧೆ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿತ್ತು. ವೈದ್ಯರಾದ ಅವರಿಗೆ ಅದರ ಅಪಾಯ ತಿಳಿಯದ್ದೇನಲ್ಲ. ಆದರೂ ಆಸ್ಪತ್ರೆಯ ಕೆಲಸ ನಿಲ್ಲಲಿಲ್ಲ. 1942ನೆಯ ಡಿಸೆಂಬರ್ 9ರಂದು ಆ ರೋಗಕ್ಕೆ ಅವರು ಬಲಿಯಾದರು. ಮಗುವಿಗೆ ಆಗ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ.

1946ರಲ್ಲಿ ವಿ. ಶಾಂತಾರಾಮ್ ಅವರು ಈ ಕಥೆಯನ್ನು ಚಲನಚಿತ್ರವಾಗಿ ತೆರೆಗೆ ತಂದರು. 1962ರಲ್ಲಿ ಎರಡು ದೇಶಗಳ ನಡುವೆ ಯುದ್ಧವೇ ಆಯಿತು. ಆದರೆ ಎರಡೂ ಕಡೆ ಕೋಟ್ನೀಸರ ನೆನಪು ಅಳಿಯಲಿಲ್ಲ. 1982ರಲ್ಲಿ ಚೀನಾ, 1993ರಲ್ಲಿ ಭಾರತ ಅವರ ಸ್ಮರಣೆಗಾಗಿ ಅಂಚೆಚೀಟಿಗಳನ್ನು ಹೊರಡಿಸಿದವು. ಶಿಚಿಯಾಚುವಾಂಗ್ ನಗರದ ಹುತಾತ್ಮರ ಉದ್ಯಾನದಲ್ಲಿ ಅವರ ಮತ್ತು ಬೆಥೂನರ ಸಮಾಧಿಗಳಿವೆ. ತಂದೆಯಂತೆ ವೈದ್ಯನಾಗಲು ಓದುತ್ತಿದ್ದ ಯಿನ್‌ಹುವಾ 1967ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡನು. ಪತಿಯ ತಾಯ್ನಾಡನ್ನು ಕಾಣಲು ಹಲವು ಬಾರಿ ಭಾರತಕ್ಕೆ ಬಂದಿದ್ದ ಗುವೋ ಚಿಂಗ್‌ಲಾನ್ ಅವರು 2012ರಲ್ಲಿ ನಿಧನರಾದರು. ಸೊಲ್ಲಾಪುರದಲ್ಲಿ ಕೋಟ್ನೀಸರು ಹುಟ್ಟಿದ ಮನೆಯು ಸ್ಮಾರಕವಾದದ್ದೂ ಅದೇ ವರ್ಷದಲ್ಲಿ.