ತಕಾಸಾಕಿ ಆಫೀಸು

ರಾಯಭಾರ ಕಚೇರಿಗೆ ದೇಶದ ಹೆಸರಿರುತ್ತೆ. ಆದ್ರೆ 1960ರ ದಶಕದಲ್ಲಿ ಬೀಜಿಂಗ್‌ನಲ್ಲಿದ್ದ ಜಪಾನಿನ ಒಂದು ಕಚೇರಿಗೆ ಇದ್ದದ್ದು ಒಬ್ಬ ಮನುಷ್ಯನ ಹೆಸರು: ತಕಾಸಾಕಿ ತತ್ಸುನೊಸುಕೆ. ಆತ ರಾಯಭಾರಿಯಲ್ಲ, ಡಬ್ಬಿ ಮಾಡೋ ತಂತ್ರಜ್ಞ!

1885ರಲ್ಲಿ ಒಸಾಕಾ ಪ್ರಾಂತ್ಯದಲ್ಲಿ ಹುಟ್ಟಿದ ತಕಾಸಾಕಿ ಓದಿದ್ದು ಮೀನುಗಾರಿಕೆ. ಮೀನನ್ನು ಡಬ್ಬಿಗೆ ತುಂಬುವ ಕೆಲಸವನ್ನು ಮೆಕ್ಸಿಕೋದಲ್ಲೂ ಮಾಡಿ ಬಂದು, 1917ರಲ್ಲಿ ತೋಯೋ ಸೇಕಾನ್ ಅನ್ನೋ ಡಬ್ಬಿ ಕಂಪನಿ ಕಟ್ಟಿದರು. 1942ರಲ್ಲಿ ಮಂಚೂರಿಯಾದ ಭಾರೀ ಕೈಗಾರಿಕಾ ಕಂಪನಿಯ ಅಧ್ಯಕ್ಷರಾದರು. ಅದು ಜಪಾನ್ ಆಕ್ರಮಿಸಿಕೊಂಡಿದ್ದ ಚೀನೀ ನೆಲ; ಈ ಮಾತನ್ನು ಬಿಟ್ಟು ಅವರ ಕಥೆ ಹೇಳೋಕಾಗಲ್ಲ. ಯುದ್ಧ ಸೋತ ಮೇಲೆ ಅಲ್ಲೇ ಉಳಿದು, ಸಿಕ್ಕಿಬಿದ್ದ ಜಪಾನೀಯರನ್ನು ಊರಿಗೆ ಕಳಿಸುವ ಕೆಲಸಕ್ಕೆ ನಿಂತರು. ತಾವು ವಾಪಸಾದದ್ದು 1947ರಲ್ಲಿ.

ಮುಂದೆ ವಿದ್ಯುತ್ ಅಭಿವೃದ್ಧಿ ಕಂಪನಿಯ ಮೊದಲ ಅಧ್ಯಕ್ಷ. ಸಕುಮಾ ಅಣೆಕಟ್ಟು ಆ ಕಂಪನಿಯದೇ. ಸಿವಿಲ್‌ನವರು ಕೇಳಿ: ಮಿಬೊರೊ ಅಣೆಕಟ್ಟಿನ ನೀರಲ್ಲಿ ಮುಳುಗಬೇಕಿದ್ದ 400 ವರ್ಷ ದಾಟಿದ ಎರಡು ಚೆರ್ರಿ ಮರಗಳನ್ನು ಬೇರುಸಮೇತ ಎತ್ತಿ ಮೇಲೆ ನೆಡಿಸಿದ್ದೂ ಇವರೇ. ಮರಗಳು ಬದುಕಿದವು.

ಜಪಾನ್ ಆಗ ಮಾನ್ಯ ಮಾಡಿದ್ದು ತೈವಾನ್ ಸರ್ಕಾರವನ್ನು, ಬೀಜಿಂಗನ್ನಲ್ಲ. 1955ರ ಬಾಂಡುಂಗ್ ಸಮ್ಮೇಳನಕ್ಕೆ ಹೋದ ತಕಾಸಾಕಿ ಅಲ್ಲಿ ಚೌ ಎನ್‌ಲೈ ಅವರನ್ನು ಕಂಡು ಮಾತಾಡಿದರು. 1958ರಲ್ಲಿ ನಾಗಾಸಾಕಿಯ ಒಂದು ಅಂಗಡಿಯಲ್ಲಿ ಒಬ್ಬ ಚೀನಾದ ಬಾವುಟ ಕಿತ್ತೆಸೆದ ಅಷ್ಟೆ, ಇದ್ದ ವ್ಯಾಪಾರವೂ ನಿಂತುಹೋಯ್ತು. ಮುರಿದದ್ದನ್ನು ಮತ್ತೆ ಕೂಡಿಸೋಕೆ ಸರ್ಕಾರಗಳು ಕೈಹಾಕುವಂತಿರಲಿಲ್ಲ, ವ್ಯಕ್ತಿಗಳು ಹಾಕಬಹುದಿತ್ತು.

1962ರ ನವೆಂಬರ್ 9ರಂದು ತಕಾಸಾಕಿ ಮತ್ತು ಲಿಯಾವೊ ಚೆಂಗ್‌ಝಿ ಬೀಜಿಂಗ್‌ನಲ್ಲಿ ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು. ಲಿಯಾವೊ ಟೋಕಿಯೋದಲ್ಲೇ ಹುಟ್ಟಿದವರು, ಜಪಾನಿ ಭಾಷೆ ಅವರಿಗೆ ನೀರು ಕುಡಿದಷ್ಟು ಸಲೀಸು. ಚೀನಾದಿಂದ ಕಲ್ಲಿದ್ದಲು, ಸೋಯಾ; ಜಪಾನಿನಿಂದ ಉಕ್ಕು, ರಸಗೊಬ್ಬರ. ಇಬ್ಬರ ಹೆಸರಿನ ಮೊದಲಕ್ಷರ ಸೇರಿಸಿ ಇದನ್ನು ಎಲ್‌-ಟಿ ವ್ಯಾಪಾರ ಅಂದರು. ಹೆಸರಿಗೆ ಖಾಸಗಿ, ಎರಡೂ ಸರ್ಕಾರಗಳ ಒಪ್ಪಿಗೆಯಿಲ್ಲದೆ ಒಂದು ಮೂಟೆಯೂ ಹಡಗು ಹತ್ತುತ್ತಿರಲಿಲ್ಲ. 1963ರಲ್ಲಿ ವಿನೈಲಾನ್ ನೂಲಿನ ಇಡೀ ಕಾರ್ಖಾನೆಯನ್ನೇ ಸಾಲದ ಮೇಲೆ ಚೀನಾಕ್ಕೆ ಕೊಡಲು ಜಪಾನ್ ಸರ್ಕಾರ ಒಪ್ಪಿದಾಗ ತೈವಾನ್ ಕೆಂಡಾಮಂಡಲವಾಯ್ತು.

1964ರ ಏಪ್ರಿಲ್‌ನಲ್ಲಿ ಎರಡೂ ಕಡೆ ಸಂಪರ್ಕ ಕಚೇರಿ ತೆರೆಯಲು, ಪತ್ರಕರ್ತರನ್ನು ಕಳಿಸಲು ಒಪ್ಪಂದವಾಯ್ತು. ಟೋಕಿಯೋದಲ್ಲಿ ಲಿಯಾವೊ ಕಚೇರಿ, ಬೀಜಿಂಗ್‌ನಲ್ಲಿ ತಕಾಸಾಕಿ ಕಚೇರಿ. ಅದನ್ನು ನೋಡೋಕೆ ತಕಾಸಾಕಿ ಇರಲಿಲ್ಲ. ಫೆಬ್ರವರಿ 24ರಂದೇ ತೀರಿಕೊಂಡಿದ್ದರು. ಎರಡು ದೇಶಗಳು ಅಧಿಕೃತವಾಗಿ ಕೈಕುಲುಕಿದ್ದು 1972ರ ಸೆಪ್ಟೆಂಬರ್‌ನಲ್ಲಿ.